ಜಟ್ಟು ಗೌಡನ ಮಾಸ್ತರಿಕೆ

ನಾನು ಅಪ್ಪನನ್ನು ಎರಡು ಕಡೆ ನೋಡುತ್ತ ಬೆಳೆದವಳು, ಮನೆಯಲ್ಲಿ ಮತ್ತು ರಂಗದ ಮೇಲೆ. ನಿಜ ಹೇಳಬೇಕೆಂದರೆ ರಂಗದ ಮೇಲಿನ ಅಪ್ಪನೇ ನನಗೆ ಹೆಚ್ಚು ಇಷ್ಟವಾಗಿದ್ದ. ಮನೆಯ ಅಪ್ಪ, ಶಾಲೆಯ ಪ್ರಗತಿ ಪತ್ರಕ್ಕೆ ಸಹಿ ಹಾಕಿ ಎಂದರೆ, ಸಹಿ ಹಾಕುವ ಗಿರಿಧರ ನಿನ್ನೆಯವನೋ ಇವತ್ತಿನವನೋ ಎಂದು ಪೆನ್ನು ಹಿಡಿದು ಯೋಚಿಸುತ್ತ ಕೂರುತ್ತಿದ್ದರು. ಅಷ್ಟರಲ್ಲಿ ನನ್ನ ಬಸ್ಸು ಹೋಗಿರುತ್ತಿತ್ತು. ರಂಗದ ಮೇಲಿನ ಅಪ್ಪ ಮಾಡುತ್ತಿದ್ದುದೂ ಅದನ್ನೇ. ಆದರೆ ಅಲ್ಲಿ ತಪ್ಪುತ್ತಿದ್ದ ಬಸ್ಸು ನನ್ನದಲ್ಲವಾದ್ದರಿಂದ ಹೊಟ್ಟೆ ತುಂಬ ನಗಬಹುದಿತ್ತು.

ಆ ಎರಡನೆಯ ಅಪ್ಪನ ಹೆಸರು ಜಟ್ಟು ಗೌಡ. ನಾವು ಮಕ್ಕಳು ಜಟ್ಟಣ್ಣ ಎನ್ನುತ್ತಿದ್ದೆವು. ಅಂಕೋಲೆಯಿಂದ ಕೇಣಿಯ ಕಡೆ ಹೋಗುವಾಗ ಸಿಗುವ ನಮ್ಮ ಕೇರಿಯ ಅಂಚಿನಲ್ಲಿ ಅವನ ಮನೆ. ಮಳೆಗಾಲದಲ್ಲಿ ಗದ್ದೆ ಕೆಲಸ, ಉಳಿದ ದಿನ ಚಿರೆಕಲ್ಲಿನ ಗೋಡೆ ಕಟ್ಟುವುದೋ, ತೆಂಗಿನಕಾಯಿ ಕೊಯ್ಯುವುದೋ, ಯಾರು ಕರೆದರೆ ಅದು. ಕುಳ್ಳಗೆ, ಗಟ್ಟಿಮುಟ್ಟಾಗಿ, ಕರ್ರಗೆ ಇದ್ದ ಮನುಷ್ಯ. ನನ್ನ ಅಪ್ಪನೋ ಬಿದಿರ ಗಳದ ಹಾಗೆ ಉದ್ದ, ಬೆಳ್ಳಗೆ, ಮುಂದಕ್ಕೆ ಬಾಗಿ ನಡೆಯುವವರು. ಇಬ್ಬರಿಗೂ ಹೋಲಿಕೆ ಎಂಬುದೇ ಇರಲಿಲ್ಲ. ಹಾಗಿದ್ದೂ ಜಟ್ಟಣ್ಣ ಅಪ್ಪನ ಜುಬ್ಬ ತೊಟ್ಟು ರಂಗದ ಮೇಲೆ ಬಂದು ಒಮ್ಮೆ ಗಂಟಲು ಸರಿಮಾಡಿಕೊಂಡನೆಂದರೆ, ನಾನು ಗೆಳತಿಯರ ನಡುವೆ ಕೂತಲ್ಲೇ ಬೆನ್ನು ನೆಟ್ಟಗೆ ಮಾಡುತ್ತಿದ್ದೆ.

ಇದೆಲ್ಲ ಶುರುವಾದದ್ದು ಉಪ್ಪುನೀರಿನಿಂದ. ನಮ್ಮಲ್ಲಿ ಹೊಳೆ ಸಮುದ್ರಕ್ಕೆ ಸೇರುವ ಕಡೆ ಗಜನಿ ಗದ್ದೆಗಳಿವೆ. ಭರತಿಯ, ಅಂದರೆ ಸಮುದ್ರ ಉಕ್ಕುವ ಹೊತ್ತಿನ, ಉಪ್ಪುನೀರು ಒಳಗೆ ಬರದ ಹಾಗೆ ಮಣ್ಣಿನ ಕಟ್ಟು ಹಾಕಿ, ಅದರೊಳಗೆ ಭತ್ತ ಬೆಳೆಯುವುದು. ನಾನು ಚಿಕ್ಕವಳಿದ್ದಾಗ ಒಂದು ಹುಣ್ಣಿಮೆಯ ಭರತಿಗೆ ಆ ಕಟ್ಟು ಒಡೆಯಿತು. ಕೂಗು ಕೇಳಿದ್ದೇ ಕೇರಿಯವರೆಲ್ಲ ಮನೆಗೊಬ್ಬರಂತೆ ಬುಟ್ಟಿ ಗುದ್ದಲಿ ಹಿಡಿದು ಓಡಿದರು. ನಮ್ಮ ಮನೆಯಿಂದ ಅಪ್ಪ ಓಡಿದರು, ಕೈಯಲ್ಲಿ ಕೊಡೆ ಹಿಡಿದುಕೊಂಡು.

ಅಪ್ಪ ಕಾರವಾರದ ಒಂದು ಕಾಲೇಜಿನಲ್ಲಿ ತತ್ತ್ವಶಾಸ್ತ್ರ, ತರ್ಕಶಾಸ್ತ್ರ ಕಲಿಸುತ್ತಿದ್ದರು. ಒಡೆದ ಜಾಗಕ್ಕೆ ಸರಿಯಾಗಿ ಹೋಗಿ ನಿಂತರು. ನೀರು ಭೋರೆಂದು ಒಳಗೆ ಬರುತ್ತಿದೆ. ಹಿಂದೆ ಜಟ್ಟಣ್ಣ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ದಾರಿ ಕಾಯುತ್ತಿದ್ದಾನೆ. ಅಪ್ಪ ನೀರನ್ನೇ ನೋಡುತ್ತ, “ಅಲ್ಲಾ, ಇದು ಹೊಳೆ ನೀರೋ ಸಮುದ್ರದ್ದೋ? ಸಮುದ್ರದ್ದೇ ಆಗಿದ್ರೆ ಅದು ನಮ್ಮ ಗದ್ದೆಗೆ ಬಂದದ್ದಲ್ಲ. ನಾವೇ ಅದ್ರ ಮನೆಯೊಳಗೆ ಹೋಗಿ ಗದ್ದೆ ಮಾಡಿದ್ದು,” ಎಂದರು.

“ಮಾಸ್ತರೆ, ಅದು ಯಾರ ನೀರಾದ್ರೂ ಆಗ್ಲಿ. ನೀವು ನಿಂತದ್ದು ನಾ ಮಣ್ಣು ಹಾಕು ಜಾಗ. ಸರೀರಿ,” ಎಂದ ಜಟ್ಟಣ್ಣ.

“ಸರಿಯೂದು ಅಂದ್ರೆ ಯಾವ ಬದಿಗೆ?” ಎಂದು ಅಪ್ಪ ತಿರುಗಿದರು. ತಿರುಗಿದವರು ಕಾಲು ಜಾರಿ ನೀರಿಗೆ ಬಿದ್ದರು. ಜಟ್ಟಣ್ಣ ಬುಟ್ಟಿ ಎಸೆದು ಜುಬ್ಬದ ಕಾಲರು ಹಿಡಿದು ಎಳೆದು ಹಾಕಿದ. ಕೊಡೆ ಹೊಳೆ ಪಾಲೋ ಸಮುದ್ರದ ಪಾಲೋ, ಅದೂ ತೀರ್ಮಾನವಾಗಲಿಲ್ಲ.

ಅಂಕೋಲೆ ಕಡೆ ಹೋಳಿಯ ಹೊತ್ತಿನ ಸುಗ್ಗಿಯಲ್ಲಿ ಹಗರಣ ಹಾಕುವ ರೂಢಿ ಇದೆ. ವರ್ಷವಿಡೀ ಊರಲ್ಲಿ ಯಾರು ಏನು ಹುಚ್ಚಾಟ ಮಾಡಿದರೋ ಅದನ್ನು ವೇಷ ಕಟ್ಟಿ ಎಲ್ಲರೆದುರು ಆಡಿ ತೋರಿಸುವುದು. ದೊಡ್ಡವರು ಸಣ್ಣವರು ಎಂದಿಲ್ಲ, ನಗಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ನಮ್ಮ ಕೇರಿಯಲ್ಲಿ ಮಾತ್ರ ಇನ್ನೊಂದು ಕಟ್ಟಳೆ. ಯಾರ ವೇಷವೋ ಅವರ ಮನೆಯಿಂದಲೇ ಬಟ್ಟೆ ಬರಬೇಕು, ಅದನ್ನು ಮನೆಯ ಹೆಂಗಸು ತನ್ನ ಕೈಯಾರೆ ಕೊಡಬೇಕು. ಕೊಟ್ಟರೆ ನಗಲು ಅಪ್ಪಣೆ ಸಿಕ್ಕಿತು. ಕೊಡದಿದ್ದರೆ ಆ ವೇಷವಿಲ್ಲ, ಅದರ ಮೇಲೆ ಮಾತೂ ಇಲ್ಲ.

ಆ ವರ್ಷದ ಸುಗ್ಗಿಗೆ ಜಟ್ಟಣ್ಣ ನಮ್ಮ ಜಗಲಿಗೆ ಬಂದು ತಲೆ ಕೆರೆಯುತ್ತ ನಿಂತ. ಅಪ್ಪ ತುಂಬ ಖುಷಿಯಿಂದ, “ಕೊಡು ಕೊಡು,” ಎಂದರು. ನನ್ನ ಅಮ್ಮ ದಮಯಂತಿ ಒಳಗಿನಿಂದ ಜುಬ್ಬ ತಂದು, ಮುಖ ಆ ಕಡೆ ಮಾಡಿ, ಜಗಲಿಯ ಮೇಲೆ ಎಸೆದಳು. ಕೊಟ್ಟದ್ದು ಕೊಟ್ಟ ಹಾಗೆಯೇ ಲೆಕ್ಕ. ಮುಂದೆ ಪ್ರತಿ ಸುಗ್ಗಿಗೂ ಅವಳು ಕೊಟ್ಟದ್ದು ಹಾಗೆಯೇ, ಎಸೆದು. ನಾಟಕ ನೋಡಲು ಮಾತ್ರ ಒಮ್ಮೆಯೂ ಹೋದವಳಲ್ಲ. ಜುಬ್ಬ ಮರಳಿ ಬಂದಾಗ ಊರವರ ನಗುವೆಲ್ಲ ಅದಕ್ಕೆ ಮೆತ್ತಿಕೊಂಡಿದೆಯೋ ಎಂಬಂತೆ ಕಲ್ಲಿಗೆ ಬಡಿದು ಬಡಿದು ಒಗೆಯುತ್ತಿದ್ದಳು.

ಮೊದಲ ವರ್ಷ ಕಟ್ಟು ಒಡೆದ ಪ್ರಸಂಗ ಒಂದೇ ಇತ್ತು. ಜನ ನಕ್ಕ ನಗುವಿಗೆ ಮರುವರ್ಷ ಅದು ಎರಡಾಯಿತು, ಆಮೇಲೆ ಮೂರಾಯಿತು. ಕೊನೆಗೆ ಸುಗ್ಗಿಯ ಒಂದು ಸಂಜೆಯೇ ಅದಕ್ಕೆ ಮೀಸಲಾಗಿ, ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿ ಆಡುವ ನಾಟಕವಾಯಿತು. ಸೈಕಲ್ ಅಂಗಡಿಯ ಮಂಗೇಶ ಅದಕ್ಕೆ ‘ಮಾಸ್ತರರ ಮೋಕ್ಷ’ ಎಂದು ಹೆಸರಿಟ್ಟು ತಾನೇ ಯಜಮಾನನಾದ. ಬರೆದವರು ಯಾರೂ ಇಲ್ಲ, ಅಪ್ಪ ಬದುಕಿದ ಹಾಗೆ ಅದೂ ಬೆಳೆಯಿತು. ಅದರಲ್ಲಿ ಮೂವರು ಸೋಮಾರಿಗಳು ಕೆಲಸ ತಪ್ಪಿಸಿಕೊಳ್ಳುವ ವಿದ್ಯೆ ಕಲಿಯಲು ಮಾಸ್ತರರ ಬಳಿ ಬರುತ್ತಾರೆ. ನಾಳೆ ಮಾಡುತ್ತೇನೆ ಎಂದವನು ಸುಳ್ಳುಗಾರನಲ್ಲ, ಯಾಕೆಂದರೆ ನಾಳೆಯೇ ಇನ್ನೂ ಇಲ್ಲ, ಇಲ್ಲದ್ದರ ಬಗ್ಗೆ ಸುಳ್ಳು ಹೇಳುವುದು ಹೇಗೆ ಎಂದು ಮಾಸ್ತರರು ಕಲಿಸುತ್ತಾರೆ. ಶಿಷ್ಯರು ಆ ವಿದ್ಯೆಯಿಂದಲೇ ಮಾಸ್ತರರ ಅನ್ನ ಸಾರು ತಿಂದು ಮುಗಿಸಿ, ತಿಂದದ್ದು ತಾವಲ್ಲವೆಂದು ಸಾಧಿಸುತ್ತಾರೆ. ಮಾಸ್ತರರು ಬೆರಳು ಮಡಚಿ ಎಣಿಸಿ ನೋಡಿ, ವಾದದಲ್ಲಿ ತಪ್ಪಿಲ್ಲವೆಂದು ಒಪ್ಪಿ, ಶಿಷ್ಯರ ಬೆನ್ನು ತಟ್ಟಿ ಹಸಿದ ಹೊಟ್ಟೆಯಲ್ಲಿ ಮಲಗುತ್ತಾರೆ. ರಿಕ್ಷಾದ ರಾಜೇಶ ಸೀರೆಯುಟ್ಟು ಮಾಸ್ತರರ ಹೆಂಡತಿಯಾಗಿ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದು ಬರುತ್ತಿದ್ದ. ಜಟ್ಟಣ್ಣ ಮೈಕಿನಲ್ಲಿ “ದಮಯಂತೀ...” ಎಂದು ರಾಗ ಎಳೆದರೆ ಬಯಲಿಗೆ ಬಯಲೇ ನಗುತ್ತಿತ್ತು. ಆ ಕೂಗು ನಮ್ಮ ಅಡಿಗೆಮನೆಯವರೆಗೂ ಕೇಳುತ್ತಿತ್ತು. ಅಮ್ಮನ ಸಿಟ್ಟಿಗೆ ಕಾರಣ ಬೇರೆ ಹುಡುಕಬೇಕಿರಲಿಲ್ಲ.

ಅಪ್ಪ ಮಾತ್ರ ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಅವರಿಗೆ ನಗು ತಡವಾಗಿ ಬರುತ್ತಿತ್ತು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವರು ಒಬ್ಬರೇ ನಗುವುದು, ಆ ನಗುವಿಗೆ ಜನ ಮತ್ತೊಮ್ಮೆ ನಗುವುದು. ಮರುದಿನ ಬೆಳಿಗ್ಗೆ ಅವರು ತಾವೇ ಜಟ್ಟಣ್ಣನ ಮನೆಗೆ ಹೋಗಿ ಜಗಲಿಯಲ್ಲಿ ಕೂತು ತಪ್ಪು ಹೇಳುತ್ತಿದ್ದರು. ಜುಬ್ಬ ತರುವ ನೆಪದಲ್ಲಿ ನಾನೂ ಹಿಂದೆ ಹೋಗುತ್ತಿದ್ದೆ.

“ಜಟ್ಟು, ಆ ಶಿಷ್ಯನ ಪ್ರಶ್ನೆಗೆ ನಾ ಅಷ್ಟು ಬೇಗ ಉತ್ತರ ಕೊಡಂವ ಅಲ್ಲ.”

“ಮಾಸ್ತರೆ, ನೀವು ತಕಂಬಷ್ಟು ಹೊತ್ತು ನಾನೂ ತಕಂಡ್ರೆ ಜನ ಎದ್ದು ಮನಿಗೆ ಹೋತ್ರು.”

ಅಪ್ಪ ಅದನ್ನೂ ಯೋಚಿಸುತ್ತಿದ್ದರು. ಜಟ್ಟಣ್ಣನ ಹೆಂಡತಿ ಬೊಮ್ಮಿ ಚಾ ತಂದಿಟ್ಟು, ಇಬ್ಬರನ್ನೂ ನೋಡಿ ತಲೆ ಅಲ್ಲಾಡಿಸಿ ಒಳಗೆ ಹೋಗುತ್ತಿದ್ದಳು. ಅವಳ ಚಾದಲ್ಲಿ ಶುಂಠಿ ಜಾಸ್ತಿ ಇರುತ್ತಿತ್ತು. ಆ ಬೆಳಿಗ್ಗೆಗಳು ನನಗೆ ಈಗಲೂ ಬೇಕು ಅನ್ನಿಸುತ್ತದೆ. ಕಾರವಾರದ ಹತ್ತಿರ ಶಿರವಾಡದ ನನ್ನ ಮನೆಯಲ್ಲಿ ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ ನಿಂತುಕೊಂಡೇ ಚಾ ಕುಡಿಯುವಾಗಲಂತೂ ತುಂಬ ಬೇಕು ಅನ್ನಿಸುತ್ತದೆ.

ದೆವ್ವ ಬಿಡಿಸಲು ಹೋದವನಿಗೇ ದೆವ್ವ ಹಿಡಿಯಿತು ಎಂಬ ಹಾಗೆ, ವರ್ಷ ಕಳೆದಂತೆ ಮಾಸ್ತರಿಕೆ ಜಟ್ಟಣ್ಣನಿಗೇ ಹತ್ತಿತು. ಸುಗ್ಗಿ ಮುಗಿದರೂ ವೇಷ ಇಳಿಯದು. ತೆಂಗಿನಮರದ ಅರ್ಧಕ್ಕೆ ಹತ್ತಿ, ಕೆಳಗಿದ್ದವರನ್ನು, “ಈ ಕಾಯಿ ಬೆಳೀತು ಅಂತ ಹೇಳೂದು ಕಾಯಿ ನೋಡಿಯೋ, ನಮ್ಮ ಹಸಿವು ನೋಡಿಯೋ?” ಎಂದು ಕೇಳುತ್ತಿದ್ದ. ಒಮ್ಮೆ ಬಿಣಗಾದಲ್ಲಿ ಯಾರದೋ ಮನೆಗೆ ಕಂಪೌಂಡ್ ಕಟ್ಟುವ ಕೆಲಸ ಸಿಕ್ಕಿತ್ತು. ಗೋಡೆ ಎದೆಯೆತ್ತರ ಬಂದ ಮೇಲೆ ಇವನು ಅದರ ಮೇಲೆ ಹತ್ತಿ ಕೂತು, ಮನೆಯ ಯಜಮಾನನನ್ನು ಕರೆದು, “ಗೋಡೆ ಹಾಕೂದು ಹೊರಗಿನವ್ರು ಒಳಗೆ ಬರಬಾರ್ದು ಅಂತೇಳಿ. ಈಗ ನಾ ಇಪ್ಪುದು ಒಳಗೋ ಹೊರಗೋ?” ಎಂದನಂತೆ. ಯಜಮಾನ ಹೆಚ್ಚು ಯೋಚಿಸಲಿಲ್ಲ, ನಾಳೆಯಿಂದ ಹೊರಗೆ ಎಂದ. ಬೊಮ್ಮಿ ಕೇರಿಗೆಲ್ಲ ಕೇಳುವ ಹಾಗೆ ಬೈದಳು. “ಊರಿಗೆ ಒಬ್ರು ಮಾಸ್ತರ್ರು ಸಾಕಾಗಿತ್ತು. ಅವ್ರಿಗಾದ್ರೆ ಅದೇ ಕೆಲ್ಸ. ಇವಂಗೆ ಎಂತಕೆ ಬೇಕಾಗಿತ್ತು?”

ಅತ್ತ ಅಪ್ಪ, ನಾಟಕ ನೋಡಿ ನೋಡಿ ಸ್ವಲ್ಪ ತಿದ್ದಿಕೊಳ್ಳಲು ಹೊರಟರು. ಕೇಣಿಯ ಮೀನಿನ ಮಾದೇವಿಯನ್ನು ಹಿಂದೊಮ್ಮೆ, ತಾಜಾ ಎಂದರೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂದು ವಿಚಾರಿಸಿದ್ದರು. “ನೀವು ಕೇಳೂಕೆ ಸುರು ಮಾಡ್ದಾಗ ತಾಜಾ ಇತ್ತು,” ಎಂದಿದ್ದಳು ಅವಳು. ಅದೂ ನಾಟಕಕ್ಕೆ ಬಂದ ಮೇಲೆ ಅಪ್ಪ ಮೀನಿನ ಬಗ್ಗೆ ಏನನ್ನೂ ಕೇಳದೆ ಕೊಂಡು ತಂದರು. ಬಾಯಿ ಮುಚ್ಚಿಕೊಂಡು ತಂದ ಆ ಬಂಗಡೆ ಮೂಗು ಬಿಡುವ ಹಾಗಿರಲಿಲ್ಲ. ನೀವು ಕೇಳುತ್ತಿದ್ದುದೇ ಸರಿ ಇತ್ತು ಎಂದು ಅಮ್ಮ ಅದನ್ನು ತೆಂಗಿನ ಬುಡಕ್ಕೆ ಹಾಕಿದಳು.

ಸಂಜೆ ಹೊತ್ತು ಇಬ್ಬರೂ ಕೇಣಿಯ ದಂಡೆಯಲ್ಲಿ ತಿರುಗಾಡುತ್ತಿದ್ದರು. ಉದ್ದದವರು ಒಬ್ಬರು, ಗಿಡ್ಡದವನು ಒಬ್ಬ, ಇಬ್ಬರ ಕೈಯೂ ಬೆನ್ನ ಹಿಂದೆ. ಕಾಲೇಜಿನಲ್ಲಿ ತರ್ಕಶಾಸ್ತ್ರಕ್ಕೆ ಹುಡುಗರು ಬರುವುದು ನಿಂತು, ಆ ವಿಷಯವನ್ನೇ ತೆಗೆದು, ಅಪ್ಪನನ್ನು ಗ್ರಂಥಾಲಯ ನೋಡಿಕೊಳ್ಳಲು ಹಾಕಿದ ಕಾಲ ಅದು. ಮನೆಯಲ್ಲಿ ಅವರು ಅದರ ಬಗ್ಗೆ ಒಂದು ಮಾತೂ ಆಡಿದವರಲ್ಲ. ಕೇಳಲು ಒಬ್ಬನಾದರೂ ಉಳಿದಿದ್ದನಲ್ಲ ಎಂದು ನನಗೆ ಈಗ ಸಮಾಧಾನವಾಗುತ್ತದೆ.

ಹೋದ ವರ್ಷದ ಹಿಂದಿನ ವರ್ಷ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಬೆಳಿಗ್ಗೆ ಎದೆ ನೋವು ಎಂದರು, ರಾಜೇಶನ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದರು, ಅಲ್ಲಿಂದ ಬರಲಿಲ್ಲ. ಆ ಬೆಳಗಿನ ಬಗ್ಗೆ ಅಮ್ಮ ನನ್ನೊಡನೆಯಾಗಲಿ ಅಣ್ಣನೊಡನೆಯಾಗಲಿ ಏನೂ ಹೇಳಲಿಲ್ಲ. ಅಣ್ಣನ ಸಂಸಾರದ ಜೊತೆ ಇದ್ದುಕೊಂಡು, ಮೊಮ್ಮಕ್ಕಳಿಗೆ ತಲೆ ಬಾಚಿ, ಅಂಗಳ ಗುಡಿಸಿ, ಎಂದಿನಂತೆಯೇ ಇದ್ದಳು. ಅದಾದ ಮೇಲಿನ ಸುಗ್ಗಿಯಲ್ಲಿ ನಾಟಕ ಆಗಲಿಲ್ಲ, ಯಾರೂ ಕೇಳಲೂ ಇಲ್ಲ.

ಈ ವರ್ಷ ಸುಗ್ಗಿಗೆ ಮುಂಚೆ ಒಂದು ರವಿವಾರ ಬೊಮ್ಮಿ ಶಿರವಾಡಕ್ಕೆ ನನ್ನ ಮನೆಗೆ ಬಂದಳು. ಕಾರವಾರದ ಸಂತೆಗೆ ತರಕಾರಿ ತಂದವಳು, ಉಳಿದ ಬಸಳೆಯ ಕಟ್ಟನ್ನು ನನ್ನ ಬಾಗಿಲಲ್ಲಿಟ್ಟು ಕೂತಳು.

“ನಿನ್ನ ಹತ್ರ ಒಂದು ಮಾತು ಹೇಳೂಕೆ ಬಂದೆ ತಂಗೀ. ಅಂವ ಈಗ ಒಂದು ಪ್ರಶ್ನೆಯೂ ಕೇಳೂದಿಲ್ಲ.”

“ಯಾರು? ಜಟ್ಟಣ್ಣನಾ?”

“ಹ್ಞೂಂ. ಅನ್ನ ಹಾಕಿದ್ರೆ ಉಂತ. ಕೆಲ್ಸಕ್ಕೆ ಕರದ್ರೆ ಹೋತ, ಕಲ್ಲು ಇಡು ಅಂದಲ್ಲಿ ಇಡ್ತ, ಬತ್ತ, ಮಲಗ್ತ. ಮನೇಲಿ ದನಕ್ಕಾದ್ರೂ ಸ್ವರ ಇತ್ತು, ಅಂವಂಗೆ ಇಲ್ಲ. ನಂಗೆ ಹೆದ್ರಿಕೆ ಆಗ್ತದೆ.”

ಗಂಡ ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಾನೆ ಎಂದು ದೂರು ಹೇಳಿದ ಹೆಂಗಸನ್ನು ನಾನು ನೋಡಿದ್ದು ಅದೇ ಮೊದಲು. ನಗು ಬಂತು, ಆದರೆ ಅವಳ ಮುಖ ನೋಡಿ ನಗಲಾಗಲಿಲ್ಲ. ಮಂಗೇಶ ನಾಟಕ ಆಡೋಣ ಎನ್ನುತ್ತಾನೆ, ಎಲ್ಲ ತಯಾರಿದ್ದಾರೆ, ಆದರೆ ಜುಬ್ಬ ನಿನ್ನ ಅಮ್ಮ ಕೊಡಬೇಕು, ಕೇಳಲು ಇವನು ಹೋಗಲೊಲ್ಲ, ನೀನೊಂದು ಮಾತು ಹೇಳು ಎಂದಳು. ಜುಬ್ಬ ಸಿಕ್ಕರೆ ಅವನಿಗೆ ಮಾತು ಬಂದೀತು ಎಂಬುದು ಅವಳ ಆಸೆ. ನಾನು ಒಪ್ಪಿದೆ. ನನ್ನದೂ ಆಸೆ ಇತ್ತು, ಅದನ್ನು ಮುಚ್ಚಿಡುವುದೇಕೆ. ನನಗೆ ಅಪ್ಪನನ್ನು ನೋಡಬೇಕಾಗಿತ್ತು.

ಮರುವಾರ ಒಂದು ದಿನ ರಜೆ ಹಾಕಿ ಊರಿಗೆ ಹೋಗಿ ವಿಷಯ ತೆಗೆದೆ. ಅಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸಲು ಚಾಪೆ ಝಾಡಿಸುತ್ತಿದ್ದಳು.

“ಹೋದವ್ರ ವೇಷ ಹಾಕೂದು ಎಲ್ಲಾದ್ರೂ ಉಂಟಾ? ಇಷ್ಟು ವರ್ಷ ನಕ್ಕದ್ದು ಸಾಕಾಗ್ಲಿಲ್ವಾ ಊರಿಗೆ?”

“ಅಪ್ಪ ಇದ್ದಿದ್ರೆ ಬೇಡ ಅಂತಿರ್ಲಿಲ್ಲ.”

“ಕೊಡ್ತಿದ್ದದ್ದು ನಾನು. ಅವ್ರಿಗೆ ಜುಬ್ಬ ಎಲ್ಲಿ ಇಟ್ಟದ್ದು ಅಂತಲೂ ಗುತ್ತಿರ್ಲಿಲ್ಲ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಪೆಟ್ಟಿಗೇಲಿ ಇಟ್ಕಂಡು ಎಂತಾ ಮಾಡ್ತೆ? ಇಟ್ರೆ ಅಪ್ಪ ಬತ್ರಾ?” ಎಂದುಬಿಟ್ಟೆ. ಅಮ್ಮ ಚಾಪೆ ಅಲ್ಲೇ ಬಿಟ್ಟು ಒಳಗೆ ಹೋದಳು. ಇಬ್ಬರೂ ಊಟ ಮುಗಿಸಿದೆವು. ಬೊಮ್ಮಿಗೆ ಏನು ಹೇಳಲಿ ಎಂದು ಯೋಚಿಸುತ್ತ ನಾನು ಜಗಲಿಯಲ್ಲಿ ಕೂತಿದ್ದಾಗ, ಬಿಸಿಲು ಇಳಿಯುವ ಹೊತ್ತಿಗೆ ಜಟ್ಟಣ್ಣನೇ ಬಂದ.

ತುಂಬ ಇಳಿದು ಹೋಗಿದ್ದ. ಜಗಲಿಯ ಅಂಚಿಗೆ ಕೂತು, ಅಮ್ಮ ಹೊರಗೆ ಬರುವವರೆಗೂ ನೆಲ ನೋಡುತ್ತಿದ್ದ.

“ಅಮ್ಮ, ಬೊಮ್ಮಿ ಏನೋ ಕೇಳ್ಸಿದ್ಲಂತೆ. ನಾ ಜುಬ್ಬ ಕೇಳೂಕೆ ಬಂದದ್ದಲ್ಲ. ಕೊಡೂದು ಬಿಡೂದು ನಿಮ್ಮ ಮನಸ್ಸು.”

“ಮತ್ತೆ ಎಂತಕೆ ಬಂದೆ?”

“ಮಾಸ್ತರ್ರ ಸ್ವರ ನನ್ನ ಬಾಯಿಂದ ಹೋತಾ ಇದೆ.” ಅವನು ಗಂಟಲು ಮುಟ್ಟಿಕೊಂಡು ತೋರಿಸಿದ. “ಮೊನ್ನೆ ಗದ್ದೆ ಬದುವಿನ ಮೇಲೆ ಒಬ್ನೇ ನಿಂತು ಹೇಳಿ ನೋಡ್ದೆ. ನನ್ನ ಸ್ವರವೇ ಬಂತು. ಎಷ್ಟು ಸಲ ಹೇಳಿದ್ರೂ ನಂದೇ. ಹೀಂಗೇ ಬಿಟ್ರೆ ಬರೂ ವರ್ಷಕ್ಕೆ ಪೂರಾ ಹೋಗ್ತದೆ. ಹೋದ್ರೆ ಮತ್ತೆ ಎಲ್ಲಿ ಕೇಳೂದು? ಅದಕ್ಕೆ ಹೇಳಿ ಹೋಗ್ವ ಅಂತ ಬಂದೆ.”

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅಪ್ಪ ಮೊಬೈಲು ಮುಟ್ಟಿದವರಲ್ಲ. ನನ್ನ ಮದುವೆಯ ವಿಡಿಯೋ ಒಂದಿದೆ, ಅದರಲ್ಲಿ ಅವರು ಭಟ್ಟರ ಹತ್ತಿರ ಬಗ್ಗಿ ಏನನ್ನೋ ಕೇಳುತ್ತಿರುವುದು ಕಾಣುತ್ತದೆ, ಆದರೆ ವಾಲಗದ ಸದ್ದಿನಲ್ಲಿ ಒಂದಕ್ಷರವೂ ಕೇಳುವುದಿಲ್ಲ. ನಾನು ಅದನ್ನು ಎಷ್ಟೋ ಸಲ ಹಾಕಿ ನೋಡಿದ್ದೇನೆ. ಅಮ್ಮನೂ ನೋಡುತ್ತಾಳೆಂದು ಅತ್ತಿಗೆ ಹೇಳಿದ್ದಳು.

“ಹೇಳು ನೋಡ್ವ,” ಎಂದಳು ಅಮ್ಮ.

ಜಟ್ಟಣ್ಣ ಎದ್ದು ನಿಂತು, ಬೆನ್ನು ಬಗ್ಗಿಸಿ, ಕೈ ಹಿಂದೆ ಕಟ್ಟಿ, “ದಮಯಂತೀ...” ಎಂದ. ರಂಗದ ಮೇಲೆ ಎಳೆಯುತ್ತಿದ್ದ ಅದೇ ರಾಗ. ಆದರೆ ಅವನು ಹೇಳಿದ ಹಾಗೆಯೇ ಆಗಿತ್ತು, ಅದು ಜಟ್ಟು ಗೌಡನ ಸ್ವರ.

“ಅವ್ರು ಯಾವತ್ತೂ ನನ್ನ ಹೆಸ್ರು ಹಿಡಿದು ಕರೆದವ್ರಲ್ಲ,” ಎಂದಳು ಅಮ್ಮ.

ಜಟ್ಟಣ್ಣ ತಬ್ಬಿಬ್ಬಾದ. ಇಷ್ಟು ವರ್ಷ ಊರನ್ನೇ ನಗಿಸಿದ ಮಾತು ಅದು. “ಮತ್ತೆ ಏನಂತಿದ್ರು?”

“ಹೊರಗಿಂದ ಬಂದ್ರೆ ಬಾಗಿಲಲ್ಲಿ ನಿಂತು, ‘ಇದ್ಯಾ?’ ಅಂತ ಕೇಳೂದು. ನಾ ‘ಇದ್ದೆ’ ಅಂದ ಮೇಲೇ ಒಳಗೆ ಬರೂದು. ಎಷ್ಟು ಕೆಲ್ಸ ಇದ್ರೂ ನಾ ಅದೊಂದು ಹೇಳ್ಬೇಕಾಗಿತ್ತು.”

“ಇದ್ಯಾ?” ಎಂದ ಜಟ್ಟಣ್ಣ.

“ಹಾಂಗಲ್ಲ. ನೀ ಪೋಲಿಸ್ನೋರ ಹಾಂಗೆ ಕೇಳ್ತೆ. ಮೊದ್ಲು ಒಂದು ಚಪ್ಪಲಿ ಬಿಡ್ಬೇಕು. ಇನ್ನೊಂದು ಬಿಡೂಕೆ ಮರೀಬೇಕು. ಆಮೇಲೆ ಗಂಟಲು ಸರಿ ಮಾಡ್ಕಂಡು, ಸಣ್ಣಕೆ...” ಅಮ್ಮ ಮೆಟ್ಟಿಲು ಇಳಿದು ಅಂಗಳಕ್ಕೆ ಹೋದಳು. ಮತ್ತೆ ಮೆಟ್ಟಿಲು ಹತ್ತಿ ಬಂದು, ಒಂದು ಕಾಲಿನ ಚಪ್ಪಲಿ ಬಿಟ್ಟು, ಬಾಗಿಲಿನ ಕಡೆ ಸ್ವಲ್ಪ ಬಗ್ಗಿ, “ಇದ್ಯಾ?” ಎಂದಳು.

ಅದು ಅಪ್ಪ. ಗಂಡಸಿನ ದನಿಯಲ್ಲ, ಅಷ್ಟು ದಪ್ಪವೂ ಅಲ್ಲ, ಆದರೂ ಅದು ಅಪ್ಪನೇ. ಒಮ್ಮೆಯೂ ನಾಟಕ ನೋಡದ ನನ್ನ ಅಮ್ಮ ಅಪ್ಪನ ವೇಷ ಹಾಕಲು ಜಟ್ಟಣ್ಣನಿಗಿಂತ ಹೆಚ್ಚು ಬಲ್ಲವಳು ಎಂದು ನಮ್ಮಿಬ್ಬರಿಗೂ ಆಗಲೇ ತಿಳಿದದ್ದು. ಜಟ್ಟಣ್ಣ ಕೆಳಗೆ ಕೂತುಬಿಟ್ಟ.

“ಇನ್ನೊಂದ್ಸಲ ಹೇಳಿ ಅಮ್ಮ.”

ಅಮ್ಮ ಮತ್ತೆ ಹೇಳಿದಳು. ಆಮೇಲೆ ಅವನಿಂದ ಹೇಳಿಸಿದಳು. ಕೆಮ್ಮು ಸರಿಯಿಲ್ಲವೆಂದು ತಿದ್ದಿದಳು. ಅವರು ಪ್ರಶ್ನೆ ಕೇಳಿದ ಮೇಲೆ ನಮ್ಮ ಮುಖ ನೋಡುತ್ತಿರಲಿಲ್ಲ, ತಲೆಯೆತ್ತಿ ಮಾಡಿನ ಕಡೆ ನೋಡುತ್ತಿದ್ದರು ಎಂದು ಕಣ್ಣಿನ ದಿಕ್ಕು ತೋರಿಸಿದಳು. ಅಣ್ಣನ ಮಕ್ಕಳು ಶಾಲೆಯಿಂದ ಬಂದು ಬಾಯಿ ಬಿಟ್ಟು ನೋಡುತ್ತ ನಿಂತರು. ಕತ್ತಲಾಗುವ ಮುಂಚೆ ಜಟ್ಟಣ್ಣನ ಗಂಟಲಿನಲ್ಲಿ ಅಪ್ಪ ಮೆಲ್ಲಗೆ ಮರಳಿ ಬಂದಿದ್ದರು. ಅಮ್ಮ ಒಳಗೆ ಹೋಗಿ ಜುಬ್ಬ ತಂದು ಅವನ ಎರಡೂ ಕೈಗೆ ಕೊಟ್ಟಳು. ಎಸೆಯಲಿಲ್ಲ.

ನಾಟಕದ ದಿನ ಅವಳು ಬಂದಳು. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕದಲ್ಲಿ, ಹೊಸ ಸೀರೆಯುಟ್ಟು ಕೂತಳು. ಜನ ತಿರುಗಿ ತಿರುಗಿ ನೋಡಿದರು. ಶಿಷ್ಯರ ಪ್ರಸಂಗಕ್ಕೆ, ಮಾದೇವಿಯ ಪ್ರಸಂಗಕ್ಕೆ ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು, ಒಂದೆರಡು ಸಲ ಎಲ್ಲರಿಗಿಂತ ಮುಂಚೆಯೇ ನಕ್ಕಳು. ಕೊನೆಯ ಭಾಗದಲ್ಲಿ ಮಾಸ್ತರರು ಮನೆಗೆ ಬರುವಾಗ “ದಮಯಂತೀ” ಎಂಬ ಕೂಗಿಗೆ ಕಾಯುತ್ತಿದ್ದ ಬಯಲಿಗೆ, ಒಂದು ಚಪ್ಪಲಿ ಬಿಟ್ಟು “ಇದ್ಯಾ?” ಎಂದು ಸಣ್ಣಗೆ ಕೇಳಿದ್ದು ಏನೆಂದೇ ತಿಳಿಯಲಿಲ್ಲ. ಯಾರೂ ನಗಲಿಲ್ಲ. ಹಿಡಿಸೂಡಿ ಹಿಡಿದ ರಾಜೇಶ ಕಕ್ಕಾಬಿಕ್ಕಿಯಾಗಿ ನಿಂತ. ನನ್ನ ಪಕ್ಕದಲ್ಲಿ ಅಮ್ಮನ ತುಟಿ ಅಲ್ಲಾಡಿದ್ದನ್ನು ನಾನು ನೋಡಿದೆ. ಆಮೇಲೆ ಮಾಸ್ತರರು ಶಿಷ್ಯರಿಗೆಲ್ಲ ಕೈಮುಗಿದು, ಭಾಷಣ ಮಾಡಿ, ಮೋಕ್ಷಕ್ಕೆ ಹೊರಟು ಹೋದರು. ಪರದೆ ಬಿತ್ತು.

ಮರುದಿನ ಬೆಳಿಗ್ಗೆ ಜಟ್ಟಣ್ಣ ಜುಬ್ಬ ಹಿಂದೆ ಕೊಡಲು ಬಂದ. ಬರುವಾಗಲೇ ಅಂಗಳದ ಕಾಗೆಯನ್ನು ನೋಡಿ, ಇದು ನಿನ್ನೆಯದೇ ಕಾಗೆ ಎಂದು ಹೇಳುವುದು ಹೇಗೆ ಎಂದು ನನ್ನನ್ನು ಕೇಳಿದ. ಬೊಮ್ಮಿಗೆ ಫೋನು ಮಾಡಿ ಹೇಳಬೇಕು ಅಂದುಕೊಂಡೆ. ಜುಬ್ಬ ಕೊಟ್ಟ ಮೇಲೂ ಅವನು ಎದ್ದು ಹೋಗಲಿಲ್ಲ. ತಪ್ಪು ಹೇಳುವವರಿಗಾಗಿ ಕಾಯುತ್ತಿದ್ದ. ಅಮ್ಮನಿಗೆ ಅದು ತಿಳಿಯಿತು, ಎದುರಿಗೆ ಕೂತಳು.

“ಎಲ್ಲಾ ಸರಿ ಇತ್ತು ಜಟ್ಟು. ಕಡೆಗೆ ಹೋಗೂದು ಮಾತ್ರ ಹಾಂಗಲ್ಲ. ಅವ್ರು ಭಾಷಣ ಮಾಡಿ ಹೋದವ್ರಲ್ಲ.”

ಜಟ್ಟಣ್ಣ ಮುಂದಕ್ಕೆ ಸರಿದು ಕೂತ. ನಾನೂ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

“ಆ ದಿನ ರಿಕ್ಷಾ ಬಂದು ನಿಂತಿತ್ತು. ಅವ್ರು ಬಾಗಿಲಲ್ಲಿ ನಿಂತು, ನನ್ನ ಬದಿಗೆ ತಿರುಗಿ, ಏನೋ ಕೇಳೂಕೆ ಬಾಯಿ ತೆಗೆದ್ರು. ನಂಗೆ ಹೆದ್ರಿಕೆ, ಗಡಿಬಿಡಿ. ‘ಈಗ್ಲೂ ನಿಮ್ಮ ಪ್ರಶ್ನೆಯಾ? ಮೊದ್ಲು ಹತ್ತಿ, ಬಂದ್ಮೇಲೆ ಕೇಳಿ’ ಅಂದೆ. ಬಾಯಿ ಮುಚ್ಕಂಡು ಹತ್ತಿದ್ರು.” ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿ ಬಿಚ್ಚಿದಳು. “ಇಡೀ ಜನ್ಮ ಅವ್ರು ಕೇಳಿದ್ದೆಲ್ಲ ಕೇಳ್ಸಿಕಂಡೆ. ಅದೊಂದು ಕೇಳ್ಸಿಕಂಬುಕೆ ಆಗ್ಲಿಲ್ಲ. ನೀ ಇಷ್ಟು ವರ್ಷ ಅವ್ರಾಗಿ ನಿಂತಂವ. ಎಂತಾ ಕೇಳ್ತಿದ್ರು, ನಿಂಗೇನಾದ್ರೂ ಗುತ್ತಾಗ್ತದಾ?”

ಜಟ್ಟಣ್ಣ ಬಹಳ ಹೊತ್ತು ತೆಗೆದುಕೊಂಡ, ಅಪ್ಪ ತೆಗೆದುಕೊಳ್ಳುತ್ತಿದ್ದಷ್ಟು.

“ಅವ್ರ ದೊಡ್ಡ ಪ್ರಶ್ನೆ ಎಲ್ಲಾ ನಂಗೆ ಬಾಯಿಪಾಠ ಅಮ್ಮ. ಅದ್ಯಾವ್ದೂ ಆಗಿರೂಕಿಲ್ಲ. ದೊಡ್ಡದೆಲ್ಲ ಅವ್ರು ದಂಡೆ ಮೇಲೆ ಕೇಳೂದು. ಮನೆಯಿಂದ ಹೊರಟಾಗ ಅವ್ರ ತಲೇಲಿ ಇಪ್ಪುದು ಒಂದೇ. ದಾರೀಲಿ ಸಿಕ್ದಾಗ್ಲೆಲ್ಲ ನನ್ನ ಹತ್ರ ಹೇಳ್ತಿದ್ರು, ‘ಜಟ್ಟು, ಇವತ್ತೂ ಅವ್ಳ ಹತ್ರ ಕೇಳೂಕೆ ಮರ್ತೆ’ ಅಂತ.”

“ಏನು ಕೇಳೂಕೆ?”

ಅವನು ಎದ್ದು ಬಾಗಿಲಿಗೆ ಹೋಗಿ ನಿಂತ. ಜುಬ್ಬ ಇಲ್ಲ, ಮೈಕಿಲ್ಲ, ಬರಿ ಬನಿಯನ್ನು ಮತ್ತು ಲುಂಗಿ. ನಮ್ಮ ಬದಿಗೆ ತಿರುಗಿ, ಗಂಟಲು ಸರಿಮಾಡಿಕೊಂಡು, ಮಾಡಿನ ಕಡೆ ನೋಡುತ್ತ, ಅಪ್ಪನ ಸ್ವರದಲ್ಲಿ ಕೇಳಿದ.

“ಬರೂವಾಗ ಎಂತಾದ್ರೂ ತರೂದಿತ್ತಾ?”

ಅಮ್ಮ ಜಟ್ಟಣ್ಣನನ್ನು ನೋಡಲಿಲ್ಲ. ಅವನು ನಿಂತಿದ್ದ ಬಾಗಿಲನ್ನು ನೋಡಿದಳು.

“ಏನೂ ಬೇಡ,” ಎಂದಳು. “ಬೇಗ ಬನ್ನಿ.”